ಉಡುಗೊರೆ ಎಂದು ಬರೆಯಿರಿ

ವಿನ್ನಿಪೆಗ್, ಕೆನಡಾ
11 ಸೆಪ್ಟೆಂಬರ್ 2024

ಕೆಂಪರಾಜ್ ಸಿಲ್ಕ್ಸ್‌ನವರಿಗೆ ನಮಸ್ಕಾರ.

ನಿಮ್ಮ ಪುಟದಲ್ಲಿರುವ ಹದಿನೇಳನೇ ನಂಬರಿನ ಸೀರೆಗೆ ಈಗಷ್ಟೇ ಕಾರ್ಡಿನಿಂದ ಹಣ ಕಟ್ಟಿದ್ದೇನೆ. ಗಿಳಿಹಸಿರು ಮೈ, ಕುಂಕುಮ ಬಣ್ಣದ ಅಂಚು ಇರುವುದು. ಪುಟದ ಕೆಳಗೆ ಇಮೇಲ್ ವಿಳಾಸವೂ, ಅದರ ಪಕ್ಕದಲ್ಲಿ 'ಕನ್ನಡದಲ್ಲೇ ಬರೆಯಬಹುದು' ಎಂಬ ಮಾತೂ ಇತ್ತು. ಆ ಮಾತು ಇಲ್ಲದಿದ್ದರೆ ನಾನು ಸೀರೆ ಕೊಳ್ಳುತ್ತಿದ್ದೆನೋ ಇಲ್ಲವೋ.

ನಾನು ನಿಮ್ಮ ತಾಲ್ಲೂಕಿನವಳೇ, ಮಧುರೆ. ನಮ್ಮ ಮನೆಯವರು ಮನೋಹರ್ ಮೊದಲು ದೇವನಹಳ್ಳಿ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿದ್ದರು. ಎರಡು ವರ್ಷದಿಂದ ಇಲ್ಲಿ ಅದೇ ಕೆಲಸ.

ಒಂದು ಉಪಕಾರ ಆಗಬೇಕು. ಪಾರ್ಸೆಲ್ಲಿನ ಕಾಗದದಲ್ಲಿ ಮಾರಾಟ ಎಂದು ಹಾಕಬೇಡಿ, ಉಡುಗೊರೆ ಎಂದು ಬರೆಯಿರಿ. ಇಲ್ಲದಿದ್ದರೆ ಸುಂಕ ಹಾಕುತ್ತಾರಂತೆ. ಡಬ್ಬದ ಮೇಲೆ ಅಂಗಡಿಯ ಹೆಸರೂ ಬೇಡ.

ಇಂತಿ,
ರಮ್ಯ


ದೊಡ್ಡಬಳ್ಳಾಪುರ
14 ಸೆಪ್ಟೆಂಬರ್ 2024
(ಡಬ್ಬದೊಳಗೆ ಇಟ್ಟ ಚೀಟಿ)

ರಮ್ಯ ಅವರಿಗೆ ನಮಸ್ಕಾರ.

ನಿಮ್ಮ ಸೀರೆ ಇದರಲ್ಲಿದೆ. ನೇಯ್ದದ್ದು ನಮ್ಮ ಪಕ್ಕದ ಮನೆಯ ಪಿಳ್ಳಪ್ಪನವರ ಮಗ್ಗದಲ್ಲಿ. ಸೆರಗಿನ ಕುಚ್ಚು ಕಟ್ಟಿದ್ದು ನಮ್ಮ ಮನೆಯಲ್ಲೇ. ಕುಚ್ಚು ಬಿಚ್ಚಿಕೊಂಡರೆ ಗಂಟಿನ ಮೇಲೆ ಒಂದು ಹೊಲಿಗೆ ಹಾಕಿ, ಕತ್ತರಿ ಹಾಕಬೇಡಿ. ಉಟ್ಟ ಮೇಲೆ ನೆರಳಿನಲ್ಲಿ ಹರವಿ, ಆಮೇಲೆ ಮಡಚಿ.

ನೀವು ಹೇಳಿದಂತೆ ಉಡುಗೊರೆ ಎಂದೇ ಬರೆದಿದ್ದೇವೆ. ಬೆಲೆ ಬರೆಯಲೇಬೇಕು ಎಂದರು ಪೋಸ್ಟಿನವರು, ಐನೂರು ರೂಪಾಯಿ ಎಂದು ಹಾಕಿದೆವು. ಪಿಳ್ಳಪ್ಪನವರಿಗೆ ಇದನ್ನು ಹೇಳಿಲ್ಲ. ತಾವು ನೇಯ್ದ ಸೀರೆಗೆ ಐನೂರು ಎಂದು ಗೊತ್ತಾದರೆ ಅವರು ಎರಡು ದಿನ ಊಟ ಬಿಡುತ್ತಾರೆ.

ಚೆನ್ನಾಗಿ ಉಟ್ಟುಕೊಳ್ಳಿ.

ಕೆಂಪರಾಜ್ ಸಿಲ್ಕ್ಸ್


ವಿನ್ನಿಪೆಗ್
6 ಅಕ್ಟೋಬರ್ 2024

ಕೆಂಪರಾಜ್ ಅಣ್ಣನವರಿಗೆ,

ಸೀರೆ ಕೈ ಸೇರಿತು. ನಿನ್ನೆ ಮಧ್ಯಾಹ್ನ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಡಬ್ಬ ಕೂತಿತ್ತು. ಇಲ್ಲಿ ಹೀಗೆಯೇ, ಬೆಲ್ ಮಾಡುವುದಿಲ್ಲ, ಸಹಿ ಕೇಳುವುದಿಲ್ಲ, ಇಟ್ಟು ಹೋಗಿಬಿಡುತ್ತಾರೆ. ತಂದವನು ಹೆಸರಾದರೂ ಕೇಳಿದ್ದರೆ ಒಬ್ಬರ ಹತ್ತಿರ ಮಾತಾಡಿದ ಹಾಗಾಗುತ್ತಿತ್ತು.

ಅಣ್ಣ ಎಂದದ್ದಕ್ಕೆ ಬೇಸರ ಬೇಡ. ನಿಮ್ಮ ಚೀಟಿಯನ್ನು ಓದಿದ ಮೇಲೆ ಬೇರೆ ರೀತಿ ಕರೆಯಲು ಬರಲಿಲ್ಲ. ಪಿಳ್ಳಪ್ಪನವರ ಊಟದ ವಿಷಯಕ್ಕೆ ಒಬ್ಬಳೇ ನಕ್ಕೆ. ಒಬ್ಬಳೇ ನಕ್ಕರೆ ಮನೆ ಎಷ್ಟು ದೊಡ್ಡದು ಅನ್ನಿಸುತ್ತದೆ ಗೊತ್ತೇ? ಇರುವುದು ಎರಡೇ ಕೋಣೆ.

ಸೀರೆ ಬಿಚ್ಚಿದಾಗ ಒಳಗಿನ ಮೂಲೆಯಲ್ಲಿ ಅರಿಶಿನದ ಚುಕ್ಕೆ ಕಾಣಿಸಿತು. ನಮ್ಮಮ್ಮ ಇದ್ದಾಗ ಹೊಸ ಬಟ್ಟೆಗೆ ಅರಿಶಿನ ಸೋಕಿಸದೆ ಮೈಗೆ ತಾಗಿಸಲು ಬಿಡುತ್ತಿರಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಇಟ್ಟಿದ್ದು ಅತ್ತಿಗೆಯವರೇ ಇರಬೇಕು. ಅವರ ಮುತ್ತೈದೆ ಭಾಗ್ಯ ನೂರು ಕಾಲ ಇರಲಿ ಎಂದು ಆ ಚುಕ್ಕೆಯನ್ನೇ ಕಣ್ಣಿಗೆ ಒತ್ತಿಕೊಂಡೆ.

ನಿಮಗೊಂದು ಸುಳ್ಳು ಹೇಳಿದ್ದೆ. ಉಡುಗೊರೆ ಎಂದು ಬರೆಯಿರಿ ಅಂದದ್ದು ಸುಂಕಕ್ಕಲ್ಲ. ಮನೋಹರ್ ತಮ್ಮ ಕಾರ್ಡಿನ ಜೊತೆಗೆ ನನಗೂ ಒಂದು ಕಾರ್ಡು ಮಾಡಿಸಿ ಕೊಟ್ಟಿದ್ದಾರೆ, ತರಕಾರಿ ಹಾಲು ತರುವುದಕ್ಕೆ. ನನಗೆ ಇಲ್ಲಿ ಕೆಲಸವಿಲ್ಲ. ಮನೆ ಕೊಳ್ಳಲು ಒಂದೊಂದು ಡಾಲರನ್ನೂ ಎತ್ತಿಡುತ್ತಿದ್ದಾರೆ, ಎರಡು ವರ್ಷದಿಂದ ಒಂದೇ ಜೋಡಿ ಬೂಟು. ಅಂಥವರ ಮುಂದೆ ಸೀರೆ ಬೇಕು ಎಂದು ಹೇಗೆ ಬಾಯಿ ಬಿಡಲಿ? ಮಧುರೆಯಿಂದ ಅಂಜಿನಮ್ಮ ದೊಡ್ಡಮ್ಮ ಕಳಿಸಿದ್ದು ಎಂದೆ. ಅವರು ಸೀರೆ ತಿರುಗಿಸಿ ಅರಿಶಿನ ನೋಡಿ, "ಪರವಾಗಿಲ್ವೆ, ಅರಿಶಿನ ಇಟ್ಟೇ ಕಳ್ಸವ್ರೆ. ಅಂಗಡೀಲಿ ತಗೊಂಡಿದ್ರೆ ಇದೆಲ್ಲ ಎಲ್ಲಿರ್ತಿತ್ತು," ಅಂದರು. ಅವರಿಗೆ ಅನುಮಾನವೇ ಬರಲಿಲ್ಲ.

ಒಳ್ಳೆಯವರು ಅವರು. ಆದರೆ ಅವರು ಮನೆಗೆ ಬರುವಾಗ ನಾನು ಮಲಗಿರುತ್ತೇನೆ, ನಾನು ಏಳುವಾಗ ಅವರು ಮಲಗಿರುತ್ತಾರೆ. ಸೀರೆಗೆ ಹಣ ಕಟ್ಟಿದ ದಿನಕ್ಕೆ ನಾನು ಬಾಯಿ ಬಿಟ್ಟು ಕನ್ನಡ ಮಾತಾಡಿ ಹನ್ನೊಂದು ದಿನ ಆಗಿತ್ತು. ಸೀರೆ ಒಂದು ನೆಪ.

ನಿಮ್ಮಲ್ಲಿ ಮಗ್ಗ ಆಡುವ ಸದ್ದನ್ನು ಫೋನಿನಲ್ಲಿ ಹಿಡಿದು ಕಳಿಸುತ್ತೀರಾ? ನಮ್ಮ ಮನೆಯ ಪಕ್ಕದಲ್ಲೂ ಎರಡು ಮಗ್ಗ ಇದ್ದವು. ಆಗ ಬೈಯುತ್ತಿದ್ದೆ.

ನಿಮ್ಮ ತಂಗಿ,
ರಮ್ಯ


ದೊಡ್ಡಬಳ್ಳಾಪುರ
12 ಅಕ್ಟೋಬರ್ 2024

ರಮ್ಯ ಅವರಿಗೆ,

ಮಗ್ಗದ ಸದ್ದನ್ನು ಇದರ ಜೊತೆ ಕಳಿಸಿದ್ದೇವೆ, ನಾಲ್ಕು ನಿಮಿಷ ಇದೆ. ನಡುವೆ ಕುಕ್ಕರ್ ಕೂಗುತ್ತದೆ, ಸೊಪ್ಪಿನವಳು ಬರುತ್ತಾಳೆ, ಪಿಳ್ಳಪ್ಪ ಯಾರಿಗೋ "ಲೇ, ದಾರ ಕಡೀತು ನೋಡ್ಲಾ" ಎಂದು ಕೂಗುತ್ತಾರೆ. ಅವನ್ನೆಲ್ಲ ತೆಗೆಯಲು ನಮಗೆ ಬರುವುದಿಲ್ಲ.

ಸೀರೆ ತಲುಪಿತು ಎಂದು ಹೇಳಲು ಯಾರೂ ಇಷ್ಟು ದೊಡ್ಡ ಪತ್ರ ಬರೆಯುವುದಿಲ್ಲ. ಜನ ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗುತ್ತಾರೆ. ನಿಮ್ಮದನ್ನು ಎರಡು ಸಲ ಓದಿದೆ.

ಅರಿಶಿನ ಇಡುವುದು ನಮ್ಮ ಮನೆಯ ಪದ್ಧತಿ. ಯಾರ ಕೈ ಎಂದು ನೋಡಬೇಡಿ.

ಒಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ಮನೆಯವರಿಗೆ ಹೇಳಿಬಿಡಿ. ಚಿಕ್ಕದಾಗಿರುವಾಗಲೇ ಹೇಳಿದರೆ ಬೈಗುಳದಲ್ಲಿ ಮುಗಿಯುತ್ತದೆ.

ಕೆಂಪರಾಜ್ ಸಿಲ್ಕ್ಸ್


ವಿನ್ನಿಪೆಗ್
27 ಅಕ್ಟೋಬರ್ 2024

ಅಣ್ಣ,

ಸದ್ದನ್ನು ದಿನವೂ ಕೇಳುತ್ತೇನೆ, ಪಾತ್ರೆ ತೊಳೆಯುವಾಗ. ಕುಕ್ಕರ್ ಕೂಗಿದಾಗ ಮೊದಲೆರಡು ದಿನ ಒಲೆ ಆರಿಸಲು ಓಡಿದೆ. ಸೊಪ್ಪಿನವಳು ಈಗ ನನಗೆ ಪರಿಚಯದವಳ ಹಾಗೆ. "ದಂಟು, ಸಬ್ಬಸ್ಗೆ" ಎಂದ ಕೂಡಲೇ ನಾನೂ "ಎಷ್ಟಮ್ಮಾ ಕಟ್ಟು" ಎನ್ನುತ್ತೇನೆ. ಹುಚ್ಚು ಹಿಡಿದಿದೆ ಎಂದುಕೊಳ್ಳಬೇಡಿ, ಇನ್ನೂ ಹಿಡಿದಿಲ್ಲ.

ಮನೋಹರ್‌ಗೆ ಇನ್ನೂ ಹೇಳಿಲ್ಲ. ದೀಪಾವಳಿ ಮುಗಿಯಲಿ ಎಂದುಕೊಂಡಿದ್ದೇನೆ.

ಅತ್ತಿಗೆಯವರ ಹತ್ತಿರ ಒಂದು ಸಾಲು ಬರೆಸಿ. ಕುಚ್ಚು ಕಟ್ಟಿದ ಕೈ ಅವರದೇ ತಾನೇ? ಎಷ್ಟು ಸಮ ಇದೆ ಎಂದರೆ ಅಳತೆಪಟ್ಟಿ ಇಟ್ಟು ನೋಡಿದೆ. ಅವರ ಹೆಸರೇನು ಎಂದೂ ನೀವು ಹೇಳಲಿಲ್ಲ.

ರಮ್ಯ


ದೊಡ್ಡಬಳ್ಳಾಪುರ
19 ನವೆಂಬರ್ 2024

ಶ್ರೀಮತಿ ರಮ್ಯ ಅವರಿಗೆ,

ನಿಮ್ಮ ಆರ್ಡರ್, ಹದಿನೇಳನೇ ನಂಬರಿನ ಸೀರೆಯ ವಿಷಯ.

ನಮಗೆ ಗಿರಾಕಿಗಳ ಹಣ ವಸೂಲು ಮಾಡಿಕೊಡುವ ಕಂಪನಿಯಿಂದ ಇಂದು ಇಮೇಲ್ ಬಂದಿದೆ. ಕಾರ್ಡಿನ ಮಾಲೀಕರು, "ಈ ಖರೀದಿ ನಾವು ಮಾಡಿಲ್ಲ, ಯಾರೋ ನಮ್ಮ ಕಾರ್ಡಿನ ನಂಬರು ಕದ್ದು ಮಾಡಿದ್ದಾರೆ" ಎಂದು ತಮ್ಮ ಬ್ಯಾಂಕಿಗೆ ದೂರು ಕೊಟ್ಟಿದ್ದಾರಂತೆ. ಹದಿನಾಲ್ಕು ಸಾವಿರ ರೂಪಾಯಿಯನ್ನು ನಮ್ಮ ಖಾತೆಯಿಂದ ಈಗಾಗಲೇ ಹಿಂದಕ್ಕೆ ಎಳೆದುಕೊಂಡಿದ್ದಾರೆ. ಮೇಲೆ ದಂಡ ಬೇರೆ. ಸೀರೆ ಕೊಂಡವರು ನೀವೇ ಎಂಬುದಕ್ಕೆ ಡಿಸೆಂಬರ್ ಎರಡರೊಳಗೆ ಸಾಕ್ಷಿ ಕೊಟ್ಟರೆ ಮಾತ್ರ ಹಣ ವಾಪಸ್ಸು.

ಏನೋ ತಪ್ಪಾಗಿರಬೇಕು. ಕೂಡಲೇ ತಿಳಿಸಿ.

ಕೆಂಪರಾಜ್ ಸಿಲ್ಕ್ಸ್


ದೊಡ್ಡಬಳ್ಳಾಪುರ
24 ನವೆಂಬರ್ 2024

ರಮ್ಯ ಅವರಿಗೆ,

ಐದು ದಿನವಾಯಿತು. ಸೊಪ್ಪಿನವಳಿಗೆ ಕೂಡ ಉತ್ತರ ಕೊಡುವವರು ನನಗೆ ಕೊಡುತ್ತಿಲ್ಲ.

ಇಲ್ಲಿ ಜೆರಾಕ್ಸ್ ಅಂಗಡಿಯ ಬೈರೇಶ್ ನಮ್ಮ ಕಂಪ್ಯೂಟರ್ ಕೆಲಸವನ್ನೆಲ್ಲ ಮಾಡಿಕೊಡುವವನು. ಅವನಿಗೆ ತೋರಿಸಿದೆ. "ಇದು ಮಾಮೂಲಿ. ಸೀರೇನೂ ಇಟ್ಕೋತಾರೆ, ದುಡ್ಡೂ ಇಟ್ಕೋತಾರೆ. ಚೆನ್ನಾಗಿ ಮಾತಾಡೋರೇ ಟೋಪಿ ಹಾಕೋದು," ಅಂದ. ಅವನ ಜೊತೆ ಜಗಳವಾಡಿ ಬಂದೆ. ಮನೆಗೆ ಬಂದು ಕೂತ ಮೇಲೆ, ಅವನು ಹೇಳಿದ್ದು ಸರಿ ಇರಬಹುದೇ ಅನ್ನಿಸಿತು.

ನಮ್ಮ ಅಂಗಡಿಯ ಮೇಲೆ ಇಂಥ ದೂರು ಇದು ಮೂರನೆಯದು. ಹೋದ ವರ್ಷ ಒಬ್ಬರು ಡಬ್ಬ ಖಾಲಿ ಬಂತು ಎಂದರು. ಇನ್ನೊಬ್ಬರು ಬಣ್ಣ ಬೇರೆ ಎಂದು ಹಣ ವಾಪಸ್ಸು ತೆಗೆದುಕೊಂಡು ಸೀರೆಯನ್ನೂ ಉಟ್ಟುಕೊಂಡರು. ಮೂರರಲ್ಲೂ ಸೋತರೆ ಅಪಾಯದ ಅಂಗಡಿ ಎಂದು ಪಟ್ಟಿಗೆ ಹಾಕಿ ನಮ್ಮ ಪುಟವನ್ನೇ ಮುಚ್ಚುತ್ತಾರೆ. ಪಿಳ್ಳಪ್ಪನವರಿಗೆ ಸೀರೆಯ ಹಣ ಕೊಟ್ಟಾಗಿದೆ, ಅದು ಹೋಗಲಿ. ಪುಟ ಹೋಗಬಾರದು.

ಸಾಕ್ಷಿ ಏನಿದೆ ಎಂದು ಹುಡುಕಿದೆ. ಪಾರ್ಸೆಲ್ಲಿಗೆ ಸಹಿ ಇಲ್ಲ, ಮೆಟ್ಟಿಲ ಮೇಲೆ ಇಟ್ಟು ಹೋದರು. ಕಾಗದ ನೋಡಿದರೆ ಉಡುಗೊರೆ, ಐನೂರು ರೂಪಾಯಿ, ಕೆಳಗೆ ನನ್ನದೇ ಅಕ್ಷರ. ಮಾರಿಯೇ ಇಲ್ಲ ಎಂದು ನಾನೇ ಬರೆದುಕೊಟ್ಟ ಹಾಗಿದೆ. ಕೈಯಾರೆ ಹಳ್ಳ ತೋಡಿಕೊಂಡೆ.

ಉಳಿದಿರುವುದು ಒಂದೇ, ನಿಮ್ಮ ಅಕ್ಟೋಬರ್ ಆರರ ಪತ್ರ. ಅದರಲ್ಲಿ ಎಲ್ಲ ಇದೆ. ಅದನ್ನು ಕೊಟ್ಟರೆ ಗೆಲ್ಲುತ್ತೇವೆ ಎಂದು ಬೈರೇಶ್ ಹೇಳುತ್ತಾನೆ.

ಕೆಂಪರಾಜ್ ಸಿಲ್ಕ್ಸ್


ವಿನ್ನಿಪೆಗ್
27 ನವೆಂಬರ್ 2024

ಅಣ್ಣ,

ನಿಮ್ಮ ಎರಡೂ ಪತ್ರಗಳನ್ನು ಬಂದ ದಿನವೇ ಓದಿದ್ದೆ. ಉತ್ತರ ಬರೆಯಲು ಮುಖ ಇರಲಿಲ್ಲ.

ಆಗಿದ್ದು ಇಷ್ಟು. ಈ ತಿಂಗಳು ಹದಿನಾರಕ್ಕೆ ಮನೋಹರ್ ಕಾರ್ಡಿನ ಮೂರು ತಿಂಗಳ ಲೆಕ್ಕ ಒಟ್ಟಿಗೆ ನೋಡುತ್ತಿದ್ದರು. "ರಮ್ಯ, ಇದೇನೇ ಇದು, ಯಾವ್ದೋ ಗೊತ್ತಿಲ್ದೇ ಇರೋ ಹೆಸ್ರು?" ಅಂದರು. ಲೆಕ್ಕದಲ್ಲಿ ನಿಮ್ಮ ಅಂಗಡಿಯ ಹೆಸರು ಬಂದಿರಲಿಲ್ಲ, ಹಣ ವಸೂಲು ಮಾಡುವ ಕಂಪನಿಯ ಹೆಸರಿತ್ತು. "ನಂಗೊತ್ತಿಲ್ಲ" ಎಂದುಬಿಟ್ಟೆ. ಅಷ್ಟೇ ಅಣ್ಣ, ಒಂದೇ ಮಾತು. ಹೋದ ವರ್ಷ ಅವರ ಕಾರ್ಡಿನಿಂದ ಯಾರೋ ನಿಜವಾಗಿಯೂ ಕದ್ದಿದ್ದರು. ಅದಕ್ಕೇ ತಕ್ಷಣ ಬ್ಯಾಂಕಿಗೆ ಫೋನು ಮಾಡಿದರು. ಅವರು ಮಾತಾಡುತ್ತಿದ್ದಷ್ಟು ಹೊತ್ತೂ ಎದುರಿಗೇ ನಿಂತಿದ್ದೆ. "ಮನೇಲಿ ಬೇರೆ ಯಾರಾದ್ರೂ ಬಳಸಿದ್ರಾ" ಎಂದು ಆ ಕಡೆಯಿಂದ ಕೇಳಿರಬೇಕು. ಮನೋಹರ್ ನನ್ನ ಮುಖ ನೋಡಿ, ಇಲ್ಲ ಎಂದರು. ಆಮೇಲೆ ನನಗೇ ಟೀ ಮಾಡಿಕೊಟ್ಟು, "ಹೆದ್ರ್ಕೋಬೇಡ, ಬ್ಯಾಂಕ್‌ನೋರೇ ಕಟ್ಕೊಡ್ತಾರೆ," ಅಂದರು.

ನಾನೂ ಹಾಗೆಯೇ ಅಂದುಕೊಂಡಿದ್ದೆ, ಬ್ಯಾಂಕಿನ ಹಣ ಹೋಗುತ್ತದೆ ಎಂದು. ನಿಮ್ಮದು ಹೋಗುತ್ತದೆ ಎಂದು ದೇವರಾಣೆ ಗೊತ್ತಿರಲಿಲ್ಲ.

ಆ ಪತ್ರ ಕೊಡಬೇಡಿ. ಸಾಕ್ಷಿ ಎಂದು ಏನು ಕೊಟ್ಟರೂ ಬ್ಯಾಂಕಿನವರು ಅದನ್ನು ಕಾರ್ಡಿನ ಮಾಲೀಕರಿಗೇ ಕಳಿಸುತ್ತಾರಂತೆ, ಓದಿ ತಿಳಿದುಕೊಂಡೆ. ಅವರಿಗೆ ಹೇಳದ ಎಲ್ಲವನ್ನೂ ಅದರಲ್ಲಿ ನಿಮಗೆ ಹೇಳಿದ್ದೇನೆ. ಹನ್ನೊಂದು ದಿನದ ಮಾತು. ಒಬ್ಬಳೇ ನಕ್ಕದ್ದು. ಅದೂ ಯಾರೋ ಒಬ್ಬ ಗಂಡಸಿಗೆ, ಕೆಂಪರಾಜ್ ಅಣ್ಣ ಎಂದು. ಅವರು ಬೈಯುವವರಲ್ಲ. ಬೈಯದೆ ಆ ಬೂಟು ಹಾಕಿಕೊಂಡು ಕೆಲಸಕ್ಕೆ ಹೋಗುತ್ತಾರೆ. ಅದನ್ನು ನೋಡಲಾರೆ.

ನಿಮ್ಮ ಹಣವನ್ನು ಹೇಗಾದರೂ ತೀರಿಸುತ್ತೇನೆ. ಪಕ್ಕದ ಮನೆಯವರ ಮಗುವನ್ನು ನೋಡಿಕೊಳ್ಳಲು ಕೇಳಿದ್ದಾರೆ.

ರಮ್ಯ


ದೊಡ್ಡಬಳ್ಳಾಪುರ
29 ನವೆಂಬರ್ 2024

ರಮ್ಯ,

ನಿಮ್ಮ ಪತ್ರ ಓದಿ ಸಿಟ್ಟು ನೆತ್ತಿಗೇರಿತು. ಒಂದು ಮಾತು ಆಡಲಾರದೆ ನನ್ನ ಅಂಗಡಿ ಮುಚ್ಚಿಸುತ್ತೀರಲ್ಲ ಎಂದು ನಾಲ್ಕು ಪುಟ ಬರೆದೆ. ಆಮೇಲೆ ಅಳಿಸಿದೆ. ಏಕೆಂದರೆ ನಾನೂ ನಿಮಗೆ ಒಂದು ಮಾತು ಆಡಿರಲಿಲ್ಲ.

ಕೆಂಪರಾಜ್ ನನ್ನ ಗಂಡ. ತೀರಿಕೊಂಡು ಮೂರು ವರ್ಷವಾಯಿತು. ನಿಮಗೆ ಬರೆಯುತ್ತಿದ್ದವಳು ನಾನು, ಪ್ರಮೋದಾ. 'ಬರೆದೆ, ಕಳಿಸಿದೆ' ಎಂದರೆ ಬರೆದವರು ಗಂಡೋ ಹೆಣ್ಣೋ ನಮ್ಮ ಭಾಷೆಯಲ್ಲಿ ತಿಳಿಯುವುದಿಲ್ಲ. ಆ ಮರೆಯಲ್ಲಿ ನಿಂತುಕೊಂಡೆ. ನೀವು ಅಣ್ಣ ಎಂದಾಗ ತಿದ್ದಬಹುದಿತ್ತು. ಅವರನ್ನು ಯಾರೋ ಅಣ್ಣ ಎಂದು ಕರೆಯುತ್ತಿದ್ದಾರಲ್ಲ, ಕರೆಯಲಿ ಅನ್ನಿಸಿತು.

ಆ ಪುಟ ಅವರು ಮಾಡಿದ್ದು. 'ಕನ್ನಡದಲ್ಲೇ ಬರೆಯಬಹುದು' ಎಂಬ ಮಾತೂ ಅವರದೇ. ರೇಷನ್ ಕಾರ್ಡಿನಿಂದ ಅವರ ಹೆಸರು ತೆಗೆದರು. ಕರೆಂಟ್ ಬಿಲ್ಲು ನನ್ನ ಹೆಸರಿಗಾಯಿತು, ಬ್ಯಾಂಕಿನ ಖಾತೆಯೂ ಆಯಿತು. ಅವರ ಹೆಸರು ಇನ್ನೂ ಹಾಗೇ ಇರುವುದು ಆ ಪುಟದಲ್ಲಿ ಮಾತ್ರ. ಪುಟ ಹೋಗಬಾರದು ಎಂದದ್ದು ಅದಕ್ಕೆ.

ಇನ್ನು ಅರಿಶಿನ. ಸೀರೆ ಮಡಚುವ ಮುಂಚೆ ಅರಿಶಿನ ಇಡುವ ರೂಢಿ ಅವರು ಮಾಡಿದ್ದು. ಮಾರುವ ಮಾಲಿಗೆ ಯಾಕ್ರೀ ಇದು ಎಂದು ನಾನು ಕೇಳಿದರೆ, "ದುಡ್ಡಿಗೆ ತಗೊಂಡಂಗೆ ಇರ್ಬಾರ್ದು ಕಣೇ. ಯಾರೋ ಕೊಟ್ಟು ಕಳ್ಸಿದಂಗಿರ್ಬೇಕು," ಅನ್ನುತ್ತಿದ್ದರು. ಈಗ ನೋಡಿ, ನಿಮ್ಮ ಮನೆಯವರಿಗೆ ಹಾಗೆಯೇ ಅನ್ನಿಸಿತು.

ಅವರು ಹೋದ ಮೇಲೆ ಅರಿಶಿನ ಇಡುತ್ತಿರುವ ಕೈ ನನ್ನದು. ಇಡಬಾರದು ಎಂದು ಗೊತ್ತು. ಎದುರುಮನೆಯ ದ್ಯಾವಮ್ಮ ಒಂದು ಸಲ ನೋಡಿ, "ಏನೇ ಪ್ರಮೋದಾ, ಮದುವೆ ಸೀರೆ ಕಣೇ ಅದು. ನೀನು ಮುಟ್ಟಬೌದೇನೇ?" ಅಂದಳು. ಆವತ್ತಿನಿಂದ ಬಾಗಿಲು ಹಾಕಿಕೊಂಡು ಇಡುತ್ತೇನೆ. ನನ್ನ ಮುತ್ತೈದೆ ಭಾಗ್ಯಕ್ಕೆಂದು ನೀವು ಕಣ್ಣಿಗೆ ಒತ್ತಿಕೊಂಡ ಚುಕ್ಕೆ ಅದು. ಸೀರೆ ಬೇಡ ಅನ್ನಿಸಿದರೆ ಬೇಜಾರಿಲ್ಲ.

ಇನ್ನು ಮೂರು ದಿನವಿದೆ. ನಿಮ್ಮ ಮನೆಯವರಿಗೆ ನೀವೇ ಹೇಳಿ. ಅವರು ಬ್ಯಾಂಕಿಗೆ ಒಂದು ಫೋನು ಮಾಡಿದರೆ ಸಾಕು, ಪತ್ರ ಬೇಕಾಗುವುದಿಲ್ಲ. ನೀವು ಹೇಳದಿದ್ದರೆ ನಾನು ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ.

ಪ್ರಮೋದಾ


ದೊಡ್ಡಬಳ್ಳಾಪುರ
3 ಡಿಸೆಂಬರ್ 2024

ರಮ್ಯ,

ನಿನ್ನೆ ಸಂಜೆ ಐದರವರೆಗೆ ಕಾದೆ. ನಿಮ್ಮಿಂದ ಏನೂ ಬರಲಿಲ್ಲ. ಬೈರೇಶನ ಅಂಗಡಿಗೆ ಹೋದೆ.

ಪತ್ರ ಕನ್ನಡದಲ್ಲಿರುವುದರಿಂದ ಇಂಗ್ಲಿಷಿಗೆ ಮಾಡಿ ಹಾಕಬೇಕಂತೆ. ಅವನು ನಿಮ್ಮ ಪತ್ರವನ್ನು ಜೋರಾಗಿ ಓದತೊಡಗಿದ. ಅಂಗಡಿಯಲ್ಲಿ ಪಹಣಿ ಜೆರಾಕ್ಸ್ ಮಾಡಿಸಲು ಬಂದವರು ಮೂವರಿದ್ದರು. ಅವನು "ಒಬ್ಬಳೇ ನಕ್ಕರೆ ಮನೆ ಎಷ್ಟು ದೊಡ್ಡದು" ಎನ್ನುವ ತನಕ ಓದಿದ. ಬಂದವರಲ್ಲಿ ಒಬ್ಬರು ತಿರುಗಿ ನೋಡಿದರು. ನಿಲ್ಲಿಸು ಎಂದೆ.

"ಯಾಕಕ್ಕಾ? ಇದೊಂದೇ ಇರೋದು. ಹಾಕ್ಲಾ ಬೇಡ್ವಾ? ಆರು ಗಂಟೆಗೆ ಮುಚ್ಕೊಳತ್ತೆ."

ಬೇಡ ಎಂದೆ. ಸಾಕ್ಷಿಯ ಜಾಗ ಖಾಲಿ ಬಿಟ್ಟು ಕಳಿಸಿದ. ನನ್ನ ಮೇಲೆ ಅವನಿಗೆ ಬಹಳ ಬೇಸರವಾಯಿತು, ಹಣ ತೆಗೆದುಕೊಳ್ಳಲಿಲ್ಲ.

ದೊಡ್ಡತನ ಎಂದು ತಿಳಿಯಬೇಡಿ. ರಾತ್ರಿಯೆಲ್ಲ ನಿಮ್ಮನ್ನು ಬೈದುಕೊಂಡೆ. ಮನೆಯಲ್ಲಿ ಒಬ್ಬಳೇ ನಗುವುದು ಏನೆಂದು ನನಗೆ ಗೊತ್ತು, ಅದನ್ನು ಯಾವನೋ ಗುಮಾಸ್ತ ಓದಿ ಫೈಲಿಗೆ ಹಾಕುವುದು ಬೇಡ ಅನ್ನಿಸಿತು. ಅಷ್ಟೇ.

ಪ್ರಮೋದಾ


ವಿನ್ನಿಪೆಗ್
5 ಡಿಸೆಂಬರ್ 2024

ಪ್ರಮೋದಕ್ಕ,

ನಿನ್ನೆ ಹೇಳಿದೆ. ಎರಡು ದಿನ ತಡವಾಗಿ. ನಿಮ್ಮ ಇಪ್ಪತ್ತೊಂಬತ್ತರ ಪತ್ರ ಓದಿದ ದಿನವೇ ಹೇಳಬೇಕಿತ್ತು. ಪ್ರತಿದಿನವೂ ಅವರು ಊಟ ಮಾಡಲಿ, ಮಲಗಿ ಏಳಲಿ ಎಂದು ಮುಂದಕ್ಕೆ ಹಾಕಿದೆ. ನೀವು ಸಾಕ್ಷಿಯನ್ನು ಖಾಲಿ ಬಿಟ್ಟಿರಿ ಎಂದು ಓದಿದ ಮೇಲೆ ಕಾಯಲು ಏನೂ ಉಳಿಯಲಿಲ್ಲ. ಅವರು ಮನೆಯೊಳಗೆ ಬಂದು ಬೂಟು ಬಿಚ್ಚುತ್ತಿದ್ದಾಗಲೇ ಹೇಳಿದೆ.

ಒಂದು ಬೂಟು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು. ಆಮೇಲೆ, "ಗೊತ್ತು ಕಣೇ," ಅಂದರು.

ಹೋದ ತಿಂಗಳು ಇಪ್ಪತ್ತನಾಲ್ಕನೇ ತಾರೀಕು ಅವರು ದೊಡ್ಡಮ್ಮನಿಗೆ ಫೋನು ಮಾಡಿ, ಸೀರೆ ಕಳಿಸಿದ್ದಕ್ಕೆ ಉಪಕಾರ ಹೇಳಿದ್ದರಂತೆ. ದೊಡ್ಡಮ್ಮನಿಗೆ ಏನೂ ಗೊತ್ತಿಲ್ಲದಿದ್ದರೂ ನನ್ನನ್ನು ಬಿಟ್ಟುಕೊಡಲಿಲ್ಲ. "ಹೂಂ ಕಣಪ್ಪಾ, ನಾನೇ ಕಳ್ಸಿದ್ದು," ಎಂದರಂತೆ. ಅಲ್ಲಿಗೆ ನಿಲ್ಲಿಸಬೇಕಿತ್ತು. "ಯಾವ ಬಣ್ಣದ್ದು ಬಂತು?" ಎಂದು ಕೇಳಿಬಿಟ್ಟರಂತೆ.

ಆವತ್ತಿನಿಂದ ಅವರು ಸುಮ್ಮನಿದ್ದರು. "ನಾನೇ ಕೇಳಿದ್ರೆ ನಿನ್ನ ಕಳ್ಳಿ ಅಂದಂಗಾಗ್ತಿತ್ತು. ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ. ದುಡ್ಡು ಬ್ಯಾಂಕಿಂದು ತಾನೇ ಅಂತಿದ್ದೆ," ಅಂದರು. ಹತ್ತು ದಿನ ಅಕ್ಕ. ಎರಡು ಕೋಣೆಯ ಮನೆಯಲ್ಲಿ ಅವರು ಕಾಯುತ್ತಿದ್ದರು, ನಾನು ಹೆದರುತ್ತಿದ್ದೆ.

ಇವತ್ತು ಬೆಳಿಗ್ಗೆ ಬ್ಯಾಂಕಿಗೆ ಫೋನು ಮಾಡಿದರು. ಮೂವತ್ತೈದು ನಿಮಿಷ. ಅಂಗಡಿಯವರು ಸಾಕ್ಷಿ ಕೊಡದ್ದರಿಂದ ತೀರ್ಮಾನ ಆಗಿಹೋಗಿದೆ, ಇನ್ನು ಬದಲಾಯಿಸಲು ಆಗುವುದಿಲ್ಲ ಎಂದರು. ನಿಮ್ಮ ಹಣವನ್ನು ಮನೋಹರ್ ನೇರವಾಗಿ ನಿಮ್ಮ ಖಾತೆಗೇ ಕಳಿಸುತ್ತಾರೆ, ದಂಡವನ್ನೂ ಸೇರಿಸಿ.

ಅರಿಶಿನದ ವಿಷಯ ಏನು ಬರೆಯಬೇಕೋ ಗೊತ್ತಾಗುತ್ತಿಲ್ಲ. ನಾಲ್ಕು ಸಲ ಬರೆದು ಅಳಿಸಿದೆ. ಕ್ಷಮಿಸಿ.

ರಮ್ಯ


ದೊಡ್ಡಬಳ್ಳಾಪುರ
19 ಡಿಸೆಂಬರ್ 2024

ರಮ್ಯ,

ಹಣ ಬಂತು. ಮನೋಹರ್ ಅವರಿಗೆ ತಿಳಿಸಿ.

ಮೊನ್ನೆ ಪುಟ ಮುಚ್ಚಿದರು. ಹೆಸರು ಹಾಕಿ ಹುಡುಕಿದರೆ, ಈ ಅಂಗಡಿ ಈಗ ಇಲ್ಲ ಎಂದು ಬರುತ್ತದೆ. ಬೈರೇಶ್ ಮೂರು ಸಲ ಅರ್ಜಿ ಹಾಕಿದ. ಬೇರೆ ಹೆಸರಿನಲ್ಲಿ ಹೊಸದನ್ನು ಮಾಡಿಕೊಡುತ್ತೇನೆ ಎನ್ನುತ್ತಾನೆ. ಬೇರೆ ಹೆಸರು ಯಾವುದು ಎಂದು ಕೇಳಿದ, ಗೊತ್ತಿಲ್ಲ ಎಂದೆ.

ನಿಮ್ಮ ಮೇಲೆ ಕೋಪ ಇಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಇದೆ. ಕಡಿಮೆಯಾಗಬಹುದು. ಸದ್ಯಕ್ಕೆ ಪತ್ರ ಬೇಡ.

ಪ್ರಮೋದಾ


ವಿನ್ನಿಪೆಗ್
22 ಜನವರಿ 2025
(ಡಬ್ಬದೊಳಗೆ ಇಟ್ಟ ಚೀಟಿ)

ಅಕ್ಕ,

ಪತ್ರ ಬೇಡ ಎಂದಿದ್ದಿರಿ. ಇದು ಚೀಟಿ.

ಸೀರೆಯನ್ನು ವಾಪಸ್ಸು ಮಾಡುತ್ತಿಲ್ಲ. ವಾಪಸ್ಸು ಮಾಡುವವರು ಉಟ್ಟಿರುವುದಿಲ್ಲ. ಸಂಕ್ರಾಂತಿಯ ದಿನ ನಾನು ಇದನ್ನು ಉಟ್ಟೆ. ಮನೋಹರ್ ರಜೆ ಹಾಕಿದ್ದರು, ಇಬ್ಬರೂ ಎಳ್ಳು ಬೆಲ್ಲ ತಿಂದು ಎದುರು ಬದುರು ಕೂತೆವು. ಏನು ಮಾತಾಡಬೇಕೆಂದು ಗೊತ್ತಾಗದೆ ನಿಮ್ಮ ಮಗ್ಗದ ಸದ್ದು ಹಾಕಿದೆ. ಕುಕ್ಕರ್ ಕೂಗಿದಾಗ ಅವರು ಎದ್ದು ಒಲೆಯ ಹತ್ತಿರ ಓಡಿದರು.

ಈಗ ಇದು ನಿಮಗೆ. ಇನ್ನೊಂದು ಮೂಲೆಯಲ್ಲಿ ಅರಿಶಿನ ಇಟ್ಟಿದ್ದೇನೆ. ಮುತ್ತೈದೆಯ ಕೈಯಿಂದ ಎಂದು ಬರೆಯಲು ಹೋಗಿ ನಾಚಿಕೆಯಾಯಿತು. ನನ್ನ ಕೈಯಿಂದ, ಅಷ್ಟೇ. ನಿಮ್ಮ ಚುಕ್ಕೆಯನ್ನು ತೊಳೆದಿಲ್ಲ, ಅದರ ಪಾಡಿಗೆ ಅದೂ ಇದೆ.

ಪೋಸ್ಟಾಫೀಸಿನವಳು ಏನಿದೆ, ಎಷ್ಟು ಬೆಲೆ ಎಂದಳು. ಪೂರ್ತಿ ಬೆಲೆ ಹೇಳಿದೆ. ಮಾರಾಟವೋ ಉಡುಗೊರೆಯೋ ಎಂದಳು. ಈ ಸಲ ನಿಜ ಹೇಳಿದೆ.

ವಿಳಾಸದಲ್ಲಿ ಮೊದಲು ಅಣ್ಣನ ಹೆಸರು ಹಾಕಿದ್ದೇನೆ. ತಪ್ಪಾಗಿದ್ದರೆ ಬೈಯಿರಿ.

ರಮ್ಯ


ದೊಡ್ಡಬಳ್ಳಾಪುರ
26 ಫೆಬ್ರವರಿ 2025

ರಮ್ಯ,

ಡಬ್ಬ ಇವತ್ತು ಬಂತು. ಪೂರ್ತಿ ಬೆಲೆ ಬರೆದದ್ದಕ್ಕೆ ಇಲ್ಲಿ ಸುಂಕ ಹಾಕಿದ್ದಾರೆ. ದೊಡ್ಡಬಳ್ಳಾಪುರದ ಸೀರೆಗೆ ದೊಡ್ಡಬಳ್ಳಾಪುರದಲ್ಲೇ ಸುಂಕ ಕಟ್ಟಿ ಬಿಡಿಸಿಕೊಂಡವಳು ನಾನೊಬ್ಬಳೇ ಇರಬೇಕು. ಇನ್ನು ಮೇಲೆ ನಿಜ ಹೇಳುವ ಮೊದಲು ಒಂದು ಮಾತು ಕೇಳು. ನೀನು ಎಂದು ಬರೆದುಬಿಟ್ಟೆ, ಇರಲಿ.

ಪೋಸ್ಟಿನ ನರಸಿಂಹಯ್ಯ ಈ ಬೀದಿಗೆ ಹೊಸಬರು. ಮನೆ ಗೊತ್ತಾಗದೆ ದ್ಯಾವಮ್ಮನ ಜಗಲಿಯ ಹತ್ತಿರ ನಿಂತು, ಮಗ್ಗದ ಸದ್ದಿನ ಮೇಲೆ ಕೇಳಬೇಕಲ್ಲ, ಗಟ್ಟಿಯಾಗಿ "ಕೆಂಪರಾಜ್! ಕೆಂಪರಾಜ್ ಯಾರ್ರೀ ಇಲ್ಲಿ?" ಎಂದು ಕೂಗಿದರು. ಪಿಳ್ಳಪ್ಪ ಮಗ್ಗ ನಿಲ್ಲಿಸಿ ಹೊರಗೆ ಬಂದರು. ದ್ಯಾವಮ್ಮ ಬಾಗಿಲಿಗೆ ಬಂದಳು. ಮೂರು ವರ್ಷದಿಂದ ನನ್ನ ಎದುರಿಗೆ ಆ ಹೆಸರು ಹೇಳಲು ಎಲ್ಲರೂ ತಡವರಿಸುತ್ತಾರೆ, ನಾನೂ ಜೋರಾಗಿ ಹೇಳಿಲ್ಲ. ಅವರು ಇನ್ನೊಂದು ಸಲ ಕೂಗಲಿ ಎಂದು ಬಾಗಿಲ ಹಿಂದೆ ಸುಮ್ಮನೆ ನಿಂತಿದ್ದೆ. ಕೂಗಿದರು.

"ಬಂದೆ" ಎಂದು ಹೊರಗೆ ಹೋದೆ. "ಅವ್ರೇ ಸೈನ್ ಹಾಕ್ಬೇಕಲ್ಲಮ್ಮಾ," ಅಂದರು ನರಸಿಂಹಯ್ಯ. ಅವರಿಲ್ಲ, ನಾನು ಅವರ ಹೆಂಡತಿ ಎಂದು ಹೇಳಿ ನನ್ನ ಹೆಸರು ಬರೆದೆ.

ಡಬ್ಬವನ್ನು ಜಗಲಿಯ ಮೇಲೇ ಬಿಚ್ಚಿದೆ. ದ್ಯಾವಮ್ಮ ಎರಡೂ ಮೂಲೆ ನೋಡಿದಳು, ಒಂದು ಚುಕ್ಕೆ ಹಳೆಯದು, ಒಂದು ಹೊಸದು. "ಯಾರು ಕಳ್ಸಿದ್ದು?" ಎಂದಳು. ನನ್ನ ತಂಗಿ ಎಂದೆ. ಅವಳಿಗೆ ಗೊತ್ತು, ನನಗೆ ತಂಗಿ ಇಲ್ಲ.

ಸೀರೆ ಉಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ನೋಡುವವರು ಯಾರೂ ಇಲ್ಲ. ಕುಚ್ಚಿನಲ್ಲಿ ಎರಡು ಗಂಟು ಸಡಿಲ ಮಾಡಿದ್ದೀಯ, ಹೊಲಿಗೆ ಹಾಕಬೇಕು.

ಪ್ರಮೋದಾ